ಕ್ಯೋಟೋದ ಚಹಾಕೋಣೆ: ಪೂಜೆಯೇ, ಎಂಜಲೇ, ಮಂಡಿನೋವೇ?

ಪ್ರಶ್ನೆ: ನಾವು ಮೈಸೂರಿನವರು. ಮಗಳು ಕ್ಯೋಟೋದಲ್ಲಿ ಓದುತ್ತಿದ್ದಾಳೆ. ಅಲ್ಲಿ ಒಬ್ಬ ಹಿರಿಯ ಹೆಂಗಸಿನ ಹತ್ತಿರ ಚಹಾ ಕಲಿಯಲು ಹೋಗುತ್ತಾಳೆ. ವರ್ಷವಾಗುತ್ತಾ ಬಂತು, ‘ಇನ್ನೂ ಬಟ್ಟೆ ಮಡಿಸೋದು, ಡಬ್ಬಿ ಒರೆಸೋದೇ ಕಲೀತಿದ್ದೀನಿ’ ಅನ್ನುತ್ತಾಳೆ. ಮೇ ಕೊನೆಗೆ ನಾನೂ ನಮ್ಮ ಯಜಮಾನರೂ ಹೋಗುತ್ತಿದ್ದೇವೆ. ಅವಳ ಗುರುಗಳು ನಮ್ಮನ್ನು ಚಹಾಕ್ಕೆ ಕರೆದಿದ್ದಾರೆ. ಇದು ಬೌದ್ಧರ ಪೂಜೆಯೇ, ಮನೆದೇವರನ್ನು ಬಿಟ್ಟು ಇನ್ನೊಂದಕ್ಕೆ ಕೈಮುಗಿದ ಹಾಗಾಗುತ್ತದೆಯೇ ಎಂದು ಯಜಮಾನರ ಅನುಮಾನ. ಒಂದೇ ಬಟ್ಟಲಲ್ಲಿ ಎಲ್ಲರೂ ಕುಡಿಯುತ್ತಾರಂತೆ, ಎಂಜಲಲ್ಲವೇ? ನನಗೆ ಮಂಡಿನೋವು, ನೆಲದ ಮೇಲೆ ಕೂತರೆ ಏಳಲಾಗದು. ಸಸ್ಯಾಹಾರಿಗಳು ಬೇರೆ. ಒಂದು ಲೋಟ ಟೀ ಕುಡಿಯೋದರಲ್ಲಿ ಅಂಥ ಅಧ್ಯಾತ್ಮ ಏನಿದೆ, ದಯವಿಟ್ಟು ತಿಳಿಸಿ.

ಉತ್ತರ: ಮೊದಲು ಮಂಡಿಯ ವಿಷಯ ಮುಗಿಸೋಣ. ಮಂಡಿ ಹಿಡಿದುಕೊಂಡಿದ್ದರೆ ಎಂಥ ಅಧ್ಯಾತ್ಮವೂ ತಲೆಗೆ ಹತ್ತುವುದಿಲ್ಲ. 1872ರಲ್ಲಿ ಕ್ಯೋಟೋದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಹೊರದೇಶದವರು ಬರುತ್ತಾರೆ, ಅವರಿಗೆ ನೆಲದ ಮೇಲೆ ಕೂತು ಅಭ್ಯಾಸವಿಲ್ಲ ಎಂದು ಉರಾಸೆಂಕೆ ಎಂಬ ಚಹಾ ಮನೆತನದ 11ನೇ ಮುಖ್ಯಸ್ಥ ಗೆಂಗೆನ್‌ಸಾಯ್ ಮೇಜು, ಸ್ಟೂಲುಗಳ ಮೇಲೆ ಕೂತು ಚಹಾ ಮಾಡುವ ಕ್ರಮವನ್ನೇ ರೂಪಿಸಿದ. ಅದರ ಹೆಸರು ರ್ಯೂರೇಯ್. ನೂರೈವತ್ತು ವರ್ಷಗಳಿಂದ ನಡೆದುಕೊಂಡು ಬಂದಿರುವ ಕ್ರಮವಾದ್ದರಿಂದ ಕೇಳಲು ಸಂಕೋಚ ಬೇಡ. ಆ ಮನೆಯಲ್ಲಿ ಅದಕ್ಕೆ ಅನುಕೂಲವಿಲ್ಲದಿದ್ದರೆ, ಮಡಚಿದ ಕಾಲುಗಳ ನಡುವೆ ಇಟ್ಟುಕೊಳ್ಳುವ ಪುಟ್ಟ ಮಣೆ ಸಿಗುತ್ತದೆ, ಗಿಡ್ಡ ಕುರ್ಚಿಯೂ ಸಿಗುತ್ತದೆ. ಇನ್ನೊಂದು ಮಾತು: ಚಹಾಕೋಣೆಯ ಬಾಗಿಲು ಸುಮಾರು ಎರಡಡಿ ಎತ್ತರ, ಎರಡಡಿ ಅಗಲದ ಕಿಂಡಿಯಾಗಿರಬಹುದು. ಒಳಗೆ ಹೋಗಬೇಕಾದರೆ ಮಂಡಿಯೂರಿ, ತಲೆ ತಗ್ಗಿಸಿ ತೆವಳಬೇಕು. ಹಲವು ಕೋಣೆಗಳಿಗೆ ನಿಂತೇ ಹೋಗಬಹುದಾದ ಇನ್ನೊಂದು ಬಾಗಿಲೂ ಇರುತ್ತದೆ. ಮಗಳ ಮೂಲಕ ಈಗಲೇ ಹೇಳಿಸಿ. ಅಲ್ಲಿ ಆತಿಥ್ಯಕ್ಕೆ ವಾರಗಟ್ಟಲೆ ಮೊದಲೇ ತಯಾರಿ ನಡೆಯುತ್ತದೆ. ಕಡೇ ಗಳಿಗೆಯಲ್ಲಿ ಹೇಳಿದರೇ ಅವರಿಗೆ ಕಷ್ಟ.

ಇನ್ನು ಯಜಮಾನರ ಅನುಮಾನ. ನಿಮ್ಮನ್ನು ಕರೆದಿರುವುದು ಪೂಜೆಗಲ್ಲ. ಆ ಕೋಣೆಯಲ್ಲಿ ವಿಗ್ರಹವಿಲ್ಲ, ಮಂತ್ರವಿಲ್ಲ, ಯಾರೂ ಏನನ್ನೂ ಬೇಡಿಕೊಳ್ಳುವುದಿಲ್ಲ. ಆದರೂ ಅವರು ಸುಮ್ಮಸುಮ್ಮನೆ ಅನುಮಾನಪಟ್ಟಿದ್ದಾರೆ ಎನ್ನಲಾರೆ. ಪುಡಿಯನ್ನು ಬಟ್ಟಲಿಗೆ ಹಾಕಿ ಬಿಸಿನೀರಲ್ಲಿ ಕಡೆದು ಕುಡಿಯುವ ಈ ಚಹಾ ಜಪಾನಿಗೆ ಬಂದದ್ದೇ ಮಠದ ಬಾಗಿಲಿನಿಂದ. ಚೀನಾದ ಝೆನ್, ಅಂದರೆ ಧ್ಯಾನಪಂಥದ ಬೌದ್ಧ ಮಠಗಳಲ್ಲಿ ಸನ್ಯಾಸಿಗಳು ಹೇಗೆ ಏಳಬೇಕು, ಹೇಗೆ ಉಣ್ಣಬೇಕು ಎಂಬುದಕ್ಕೆಲ್ಲ ಲಿಖಿತ ನಿಯಮಗಳಿದ್ದವು. 1103ರ ಹೊತ್ತಿನ ಅಂಥದೊಂದು ನಿಯಮಾವಳಿಯಲ್ಲಿ ಚಹಾಕ್ಕೆ ಕರೆಯುವುದು ಹೇಗೆ, ಯಾರು ಎಲ್ಲಿ ಕೂರಬೇಕು ಎಂಬ ವಿವರಗಳೂ ಇವೆ. ಜಪಾನಿನ ಸನ್ಯಾಸಿ ಏಸಾಯ್ ಎರಡು ಬಾರಿ ಚೀನಾಕ್ಕೆ ಹೋಗಿ 1191ರಲ್ಲಿ ಹಿಂತಿರುಗುವಾಗ ಚಹಾ ಬೀಜವನ್ನೂ ಈ ಕ್ರಮವನ್ನೂ ತಂದ. ಚಹಾವನ್ನು ಅವನು ಔಷಧಿ ಎಂದೇ ಹೊಗಳಿ ಪುಸ್ತಕ ಬರೆದ, ಅದನ್ನು 1214ರಲ್ಲಿ ಶೋಗನ್, ಅಂದರೆ ಸೇನಾಧಿಪತಿ, ಸಾನೆತೊಮೊಗೆ ಒಪ್ಪಿಸಿದ. ರಾತ್ರಿ ಧ್ಯಾನಕ್ಕೆ ಕೂತವರಿಗೆ ತೂಕಡಿಕೆ ಬರಬಾರದು, ಅಷ್ಟೇ ಮೊದಲ ಉಪಯೋಗ. ನಮ್ಮ ಕಂಚಿಯ ರಾಜಕುಮಾರನೆಂದು ಹೇಳುವ ಬೋಧಿಧರ್ಮ ನಿದ್ದೆ ಬಂತೆಂದು ರೆಪ್ಪೆ ಕಿತ್ತೆಸೆದ, ಅದು ಬಿದ್ದಲ್ಲಿ ಚಹಾ ಗಿಡ ಹುಟ್ಟಿತು ಎಂಬ ಕಥೆಯ ಹಿಂದಿರುವುದೂ ಇದೇ ತೂಕಡಿಕೆ.

ಏಸಾಯ್ 1202ರಲ್ಲಿ ಕಟ್ಟಿಸಿದ ಕೆನ್ನಿನ್‌ಜಿ ಮಠ ಕ್ಯೋಟೋದಲ್ಲೇ ಇದೆ. ಅಲ್ಲಿ ಪ್ರತಿ ಏಪ್ರಿಲ್ 20ರಂದು ಹಳೆಯ ಮಠದ ಚಹಾ ಇನ್ನೂ ನಡೆಯುತ್ತದೆ. ಅತಿಥಿಗಳ ಕೈಗೆ ಬಟ್ಟಲು ಬರುವಾಗಲೇ ಅದರ ತಳದಲ್ಲಿ ಪುಡಿ ಇರುತ್ತದೆ. ಯುವಸನ್ಯಾಸಿ ಬಿಸಿನೀರಿನ ಹೂಜಿ ಹಿಡಿದು ಬರುತ್ತಾನೆ, ಅದರ ಮೂತಿಗೆ ಬಿದಿರಿನ ಕಡೆಗೋಲು ಸಿಕ್ಕಿಸಿರುತ್ತದೆ. ಅತಿಥಿ ಬಟ್ಟಲನ್ನು ಎತ್ತಿ ಹಿಡಿಯಬೇಕು, ಸನ್ಯಾಸಿ ಬಗ್ಗಿ ನೀರು ಹೊಯ್ದು ಅಲ್ಲೇ ಕಡೆದು ಮುಂದಿನವರ ಬಳಿಗೆ ಹೋಗುತ್ತಾನೆ.

ದೇವರಿಗೆ ಚಹಾ ಅರ್ಪಿಸುವುದೂ ಉಂಟು, ಅದು ಬೇರೆಯೇ ಆಚರಣೆ. ಕ್ಯೋಟೋದ ಕಿತಾನೊ ತೆನ್ಮಾಂಗೂ ಗುಡಿಯಲ್ಲಿ ಡಿಸೆಂಬರ್ 1ರಂದು ಚಹಾ ಮನೆತನಗಳ ಮುಖ್ಯಸ್ಥರು ಸರದಿಯಂತೆ ಬಂದು ದೇವರಿಗೆ ಚಹಾ ಮಾಡಿ ಒಪ್ಪಿಸುತ್ತಾರೆ. ಆಗ ಉಸಿರು ತಾಗಬಾರದೆಂದು ಬಾಯಿಗೆ ಬಿಳಿಯ ಮುಸುಕು ಕಟ್ಟಿಕೊಳ್ಳುತ್ತಾರೆ. ನೈವೇದ್ಯವನ್ನು ಮೂಸಿಯೂ ನೋಡಬಾರದು ಎಂದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾರಾ ಊರಿನ ಸಾಯ್ದಾಯ್‌ಜಿ ಮಠದ್ದು ಇನ್ನೂ ಚೆನ್ನ. 1239ರಲ್ಲಿ ಏಸೊನ್ ಎಂಬ ಸನ್ಯಾಸಿ ಹಾಚಿಮಾನ್ ದೇವರಿಗೆ ಚಹಾ ಅರ್ಪಿಸಿ ಉಳಿದದ್ದನ್ನು ಸೇರಿದ ಜನಕ್ಕೆ ಹಂಚಿದನಂತೆ. ಆಗ ಚಹಾ ಬಡವರ ಕೈಗೆ ಎಟುಕದ ಔಷಧಿ. ಪ್ರಸಾದ ಎನ್ನುವುದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಬೇಕೆ? ಇವತ್ತಿಗೂ ಅಲ್ಲಿ ವರ್ಷಕ್ಕೆ ಮೂರು ಸಲ ಒಂದಡಿಗೂ ಹೆಚ್ಚು ಅಗಲದ, ಕಿಲೋಗಟ್ಟಲೆ ತೂಗುವ ಬಟ್ಟಲಲ್ಲಿ ಚಹಾ ಕೊಡುತ್ತಾರೆ. ಒಬ್ಬರಿಗೆ ಎತ್ತಲಾಗದೆ ಪಕ್ಕದವರು ಕೈಗೊಡುತ್ತಾರೆ, ಮುಖವೆಲ್ಲ ಬಟ್ಟಲೊಳಗೆ ಹೋಗುತ್ತದೆ, ಇಡೀ ಸಭೆ ನಗುತ್ತದೆ. ನೀವು ಹೋಗುವ ಹೊತ್ತಿಗೆ ಏಪ್ರಿಲ್‌ನದು ಮುಗಿದಿರುತ್ತದೆ, ಅದೊಂದೇ ಬೇಸರ.

ಅರ್ಪಣೆಯ ಚಹಾ ನೋಡಲು ನೀವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನಿಂದ ಬೈಲಕುಪ್ಪೆಗೆ ಒಂದೂವರೆ–ಎರಡು ಗಂಟೆಯ ದಾರಿ. ಟಿಬೆಟನ್ ಮಠಗಳಲ್ಲಿ ಪಾರಾಯಣದ ನಡುವೆಯೇ ದೊಡ್ಡ ಕೆಟಲ್‌ಗಳಲ್ಲಿ ಚಹಾ ಬರುತ್ತದೆ. ಬುದ್ಧ, ಧರ್ಮ, ಸಂಘಕ್ಕೆ ಅರ್ಪಿಸುವ ಶ್ಲೋಕ ಹೇಳಿದ ಮೇಲೆಯೇ ಭಿಕ್ಷುಗಳು ಗುಟುಕರಿಸುವುದು. ಊರಿನ ಭಕ್ತರು ಇಡೀ ಸಂಘಕ್ಕೆ ಚಹಾದ ಸೇವೆ ಮಾಡಿಸುವುದು ಅಲ್ಲಿ ಪುಣ್ಯದ ಕೆಲಸ.

ನಿಮ್ಮ ಮಗಳು ಕಲಿಯುತ್ತಿರುವುದು ಈ ಯಾವುದೂ ಅಲ್ಲ. ಅದು ಹದಿನಾರನೆಯ ಶತಮಾನದಲ್ಲಿ ಸಕಾಯ್ ಎಂಬ ಬಂದರಿನ ವ್ಯಾಪಾರಿಗಳ ಮನೆಗಳಲ್ಲಿ ಪಕ್ವವಾದದ್ದು. ಅದರ ದೊಡ್ಡ ಹೆಸರು ಸೆನ್ ನೊ ರಿಕ್ಯೂ (1522–1591). ರಿಕ್ಯೂ ಝೆನ್ ಗುರುಗಳ ಬಳಿ ಕಲಿತವನು ನಿಜ, ಕೋಣೆಯ ಮೂಲೆಯ ಗೂಡಿನಲ್ಲಿ ತೂಗುಹಾಕುವ ಬರಹದ ಪಟ ಇವತ್ತಿಗೂ ಹೆಚ್ಚಾಗಿ ಝೆನ್ ಸನ್ಯಾಸಿಯ ಕೈಬರಹವೇ. ಒಳಗೆ ಹೋದೊಡನೆ ಅತಿಥಿಗಳು ಆ ಪಟದ ಮುಂದೆ ಕೂತು ತಲೆಬಾಗುತ್ತಾರೆ. ಯಜಮಾನರಿಗೆ ಚುಚ್ಚುವುದು ಬಹುಶಃ ಇದೇ. ಅದು ಆರಾಧನೆಯಲ್ಲ, ಆ ಬರಹಕ್ಕೂ ಬರೆದ ಕೈಗೂ ಕೊಡುವ ಮರ್ಯಾದೆ. ಒಪ್ಪದಿದ್ದರೆ ಸುಮ್ಮನೆ ನೋಡಿ ಮುಂದೆ ಹೋದರೂ ಯಾರೂ ತಪ್ಪು ತಿಳಿಯುವುದಿಲ್ಲ. ರಿಕ್ಯೂವಿನ ಏಳು ಮುಖ್ಯ ಶಿಷ್ಯರ ಪಟ್ಟಿಯಲ್ಲಿ ತಾಕಾಯಾಮಾ ಉಕೊನ್ ಎಂಬ ಪಾಳೆಯಗಾರನಿದ್ದಾನೆ. ಅವನು ಕಟ್ಟಾ ಕ್ರೈಸ್ತ. ಆ ಮತ ಬಿಡಲೊಲ್ಲದೆ 1614ರಲ್ಲಿ ಗಡೀಪಾರಾಗಿ ಮನಿಲಾಕ್ಕೆ ಹೋಗಿ ಅಲ್ಲೇ ಸತ್ತ. 2017ರಲ್ಲಿ ಕ್ಯಾಥೊಲಿಕ್ ಚರ್ಚ್ ಅವನಿಗೆ ಧನ್ಯ ಪದವಿ ಕೊಟ್ಟಿದೆ. ತನ್ನ ದೇವರಿಗಾಗಿ ರಾಜ್ಯ ಬಿಟ್ಟವನಿಗೇ ಚಹಾಕೋಣೆ ಅಡ್ಡಿಯಾಗಲಿಲ್ಲ. ನಿಮ್ಮ ಮನೆದೇವರೂ ಮುನಿಯಲಿಕ್ಕಿಲ್ಲ.

ಹಾಗಾದರೆ ಅಧ್ಯಾತ್ಮ ಎಲ್ಲಿದೆ? ನನ್ನ ಉತ್ತರ ಕೆಲವರಿಗೆ ರುಚಿಸುವುದಿಲ್ಲ: ಅದು ಚಹಾದಲ್ಲಿಲ್ಲ, ಮೌನದಲ್ಲೂ ಇಲ್ಲ. ಈಗ ನಗರಗಳಲ್ಲಿ ಕಣ್ಣುಮುಚ್ಚಿಸಿ, ಕಂಚಿನ ಬಟ್ಟಲು ಬಾರಿಸಿ, ಹಸಿರು ಪುಡಿಯ ಲೋಟ ಕೈಗಿಟ್ಟು ‘ಚಹಾ ಧ್ಯಾನ’ ಎಂದು ದುಡ್ಡು ವಸೂಲು ಮಾಡುವವರಿದ್ದಾರೆ. ಚಹಾಕೋಣೆಯಲ್ಲಿ ಕಣ್ಣು ಮುಚ್ಚುವುದು ಆತಿಥೇಯರಿಗೆ ಮಾಡುವ ಅವಮಾನ. ಅವರು ನಿಮ್ಮ ಕಣ್ಣಿಗಾಗಿ, ಕಿವಿಗಾಗಿ ಬೆಳಗಿನಿಂದ ದುಡಿದಿರುತ್ತಾರೆ.

ಆ ದುಡಿಮೆಯನ್ನು ಹತ್ತಿರದಿಂದ ನೋಡಿ. ಮುಂಚಿನ ದಿನವೇ ಅಂಗಳ ಗುಡಿಸಿ, ಅತಿಥಿ ಬರುವ ಮುಂಚೆ ಹಾಸುಗಲ್ಲಿಗೆ ನೀರು ಚಿಮುಕಿಸಿರುತ್ತಾರೆ. ಕೈಬಾಯಿ ತೊಳೆಯುವ ಕಲ್ಲುದೋಣಿಗೆ ಹೊಸ ನೀರು ತುಂಬಿರುತ್ತಾರೆ. ಬೂದಿಯನ್ನು ಒಲೆಯಲ್ಲಿ ಸಣ್ಣ ಲೋಹದ ಚಮಚದಿಂದ ತೀಡಿ ಏಣುಗಳಾಗಿ ರೂಪಿಸಿ, ಅದರ ಮೇಲೆ ಇದ್ದಿಲು ಜೋಡಿಸಿರುತ್ತಾರೆ. ಕಬ್ಬಿಣದ ಕೆಟಲಿನ ತಳಕ್ಕೆ ಒಳಗಿನಿಂದ ಸಣ್ಣ ಕಬ್ಬಿಣದ ಚೂರುಗಳನ್ನು ಅಂಟಿಸಿರುತ್ತಾರೆ. ನೀರು ಕಾಯುತ್ತಾ ಬಂದಂತೆ ಅದು ಗುಂಯ್‌ಗುಡುತ್ತದೆ, ಪೈನ್ ಮರಗಳ ನಡುವಿನ ಗಾಳಿ ಎಂದು ಆ ಸದ್ದಿಗೊಂದು ಹೆಸರೇ ಇದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಒಲೆ ನೆಲದೊಳಗಿನ ಗುಳಿಯಲ್ಲಿರುತ್ತದೆ. ನೀವು ಹೋಗುವುದು ಮೇನಲ್ಲಿ, ಆಗ ಅದನ್ನು ಮುಚ್ಚಿ ನೆಲದ ಮೇಲಿನ ಅಗ್ಗಿಷ್ಟಿಕೆ ಇಡುತ್ತಾರೆ, ಬೆಂಕಿ ಅತಿಥಿಯಿಂದ ದೂರವಿರಲಿ ಎಂದು. ಈ ಬೇಸಿಗೆಯ ಬೂದಿಯಲ್ಲಿ ಹಾಕುವ ಧೂಪ ಸಾಮಾನ್ಯವಾಗಿ ಗಂಧದ ಚೆಕ್ಕೆ. ಜಪಾನಿನ ಧೂಪದಂಗಡಿಗಳಲ್ಲಿ ಉತ್ತಮ ದರ್ಜೆಯದೆಂದು ಮಾರುವುದು ನಮ್ಮ ಮೈಸೂರು ಸೀಮೆಯ ಶ್ರೀಗಂಧ. ಆ ಪರಿಮಳ ನಿಮಗೆ ಗುರುತು ಸಿಕ್ಕರೆ ಗುರುಗಳಿಗೆ ಹೇಳಿ, ಬಹಳ ಸಂತೋಷಪಟ್ಟಾರು.

ನಿಮ್ಮೆದುರು ನಡೆಯುವುದು ಇದರ ತುದಿ ಮಾತ್ರ. ಆತಿಥೇಯರು ಸೊಂಟದಿಂದ ರೇಷ್ಮೆ ವಸ್ತ್ರ ತೆಗೆದು, ಅಂಗೈಯಷ್ಟಾಗುವಂತೆ ಮಡಿಸಿ, ಚಹಾಡಬ್ಬಿಯ ಮುಚ್ಚಳ ಒರೆಸುತ್ತಾರೆ. ಬಿದಿರಿನ ಚಮಚವನ್ನು ಒರೆಸುತ್ತಾರೆ. ಬಟ್ಟಲಿಗೆ ಬಿಸಿನೀರು ಹೊಯ್ದು ಕಡೆಗೋಲನ್ನು ಅದರಲ್ಲಿ ಅದ್ದಿ, ಮೇಲೆತ್ತಿ, ತಿರುಗಿಸಿ, ಎಳೆ ಮುರಿದಿಲ್ಲವೆಂದು ನೋಡುತ್ತಾರೆ. ಈ ಕಡೆಗೋಲು ಒಂದೇ ಬಿದಿರಿನ ತುಂಡನ್ನು ಕೂದಲೆಳೆಯಂತೆ ಸೀಳಿ ಮಾಡಿದ್ದು, ನಾರಾ ಬಳಿಯ ತಾಕಾಯಾಮಾ ಊರಿನ ಕಸುಬು. ಎಲ್ಲವೂ ಮೊದಲೇ ತೊಳೆದಿಟ್ಟ ವಸ್ತುಗಳೇ, ಆದರೂ ನಿಮ್ಮ ಕಣ್ಣೆದುರು ಮತ್ತೊಮ್ಮೆ ಶುದ್ಧಿ ಮಾಡುತ್ತಾರೆ. ಆಮೇಲೆ ಎರಡು ಗ್ರಾಮಿನಷ್ಟು ಪುಡಿ, ಮುಕ್ಕಾಲು ಬಟ್ಟಲೂ ಅಲ್ಲದ ಸುಮಾರು 70 ಮಿಲಿಲೀಟರ್ ನೀರು. ಸೌಟಿನಲ್ಲಿ ಮಿಕ್ಕ ನೀರನ್ನು ಚೆಲ್ಲದೆ ಕೆಟಲಿಗೇ ಹಿಂತಿರುಗಿಸುತ್ತಾರೆ.

ಮಗಳು ವರ್ಷವಿಡೀ ಬಟ್ಟೆ ಮಡಿಸುತ್ತಿರುವುದು ಇದಕ್ಕೇ. ‘ಮುಂದೇನು ಮಾಡಬೇಕು’ ಎಂದು ಆತಿಥೇಯರು ಒಂದು ಕ್ಷಣ ತಡವರಿಸಿದರೆ ಅವರ ಗಮನ ಕೈಮೇಲೆ ಹೋಗುತ್ತದೆ, ಅತಿಥಿ ತಪ್ಪಿಹೋಗುತ್ತಾರೆ. ನಿಮಗೆ ಕಾಲು ಜೋಮು ಹಿಡಿದಿದೆಯೇ, ಬಿಸಿಲು ಕಣ್ಣಿಗೆ ಹೊಡೆಯುತ್ತಿದೆಯೇ ಎಂದು ನೋಡಲು ಪುರುಸೊತ್ತು ಸಿಗಬೇಕಾದರೆ ಕೈ ತಾನೇ ನಡೆಯಬೇಕು. ಈ ಸಾಧನೆಯ ಗುರಿ ತನ್ನ ಮನಸ್ಸಿನ ಶಾಂತಿ ಎಂದು ಪ್ರವಾಸದ ಹಾಳೆಗಳು ಬರೆಯುತ್ತವೆ. ಗುರಿ ಎದುರು ಕೂತವರು ಎಂದು ನನ್ನ ಅಭಿಪ್ರಾಯ. ಚಹಾದ ರಹಸ್ಯವೇನೆಂದು ಕೇಳಿದವನಿಗೆ ರಿಕ್ಯೂ ಹೇಳಿದನೆಂಬ ಏಳು ಸೂತ್ರಗಳಿವೆ: ಕುಡಿಯಲು ಹಿತವಾಗುವಂತೆ ಚಹಾ ಮಾಡು, ನೀರು ಕಾಯುವಂತೆ ಇದ್ದಿಲು ಇಡು, ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ಮಳೆ ಬಾರದಿದ್ದರೂ ಕೊಡೆ ಸಿದ್ಧವಿಡು, ಹೀಗೆ. ‘ಇಷ್ಟು ನನಗೂ ಗೊತ್ತು’ ಎಂದನಂತೆ ಕೇಳಿದವನು. ‘ಮಾಡಿ ತೋರಿಸು, ನಾನೇ ನಿನ್ನ ಶಿಷ್ಯನಾಗುತ್ತೇನೆ’ ಎಂದನಂತೆ ರಿಕ್ಯೂ.

‘ಅತಿಥಿ ದೇವೋ ಭವ’ ನಮ್ಮಲ್ಲೂ ಇದೆಯಲ್ಲ ಎಂದು ನೀವು ಹೇಳಬಹುದು. ವ್ಯತ್ಯಾಸವಿದೆ. ನಮ್ಮಲ್ಲಿ ಅತಿಥಿ ಕೂತಿದ್ದರೆ ಸಾಕು, ಬಡಿಸಿಕೊಂಡರೆ ಸಾಕು. ಅಲ್ಲಿ ಅತಿಥಿಗೂ ಕೆಲಸವಿದೆ. ಏಳನೆಯ ಸೂತ್ರವೇ ಜೊತೆಯ ಅತಿಥಿಗಳ ಮೇಲೆ ಮನಸ್ಸಿಡು ಎನ್ನುವುದು. ನೀವು ಕುಡಿಯುವ ಮುಂಚೆ ಪಕ್ಕದವರ ಕಡೆ ತಿರುಗಿ ‘ಓಸಾಕಿನಿ’ ಎಂದು ಅಪ್ಪಣೆ ಕೇಳಬೇಕು, ನಾನು ಮೊದಲು ಕುಡಿಯುತ್ತೇನೆ, ಕ್ಷಮಿಸಿ ಎಂಬಂತೆ. ಬಟ್ಟಲಿನ ಚೆಂದದ ಮುಖ ನಿಮ್ಮ ಕಡೆಗಿರುವಂತೆ ಕೊಟ್ಟಿರುತ್ತಾರೆ. ಅದಕ್ಕೆ ಬಾಯಿ ತಾಗಿಸಬಾರದೆಂದು ಬಟ್ಟಲನ್ನು ಎರಡು ಸಲ ಸ್ವಲ್ಪ ಸ್ವಲ್ಪ ತಿರುಗಿಸಿಕೊಂಡು ಬದಿಯಿಂದ ಕುಡಿಯಬೇಕು. ಕೊನೆಯ ಗುಟುಕನ್ನು ಸೊರ್ ಎಂದು ಸದ್ದಾಗುವಂತೆ ಎಳೆದರೆ ಮುಗಿಯಿತೆಂದು ಆತಿಥೇಯರಿಗೆ ತಿಳಿಯುತ್ತದೆ. ಮನೆಯಲ್ಲಿ ಬೈಸಿಕೊಂಡ ಈ ಸದ್ದಿಗೆ ಅಲ್ಲಿ ಅನುಮತಿಯಿದೆ. ಆಮೇಲೆ ಬಟ್ಟಲನ್ನು ಕೈಯಲ್ಲಿ ಹಿಡಿದು ನೋಡುವುದು ವಾಡಿಕೆ. ಎತ್ತರಕ್ಕೆ ಎತ್ತಬೇಡಿ, ನೆಲದ ಸಮೀಪವೇ ಹಿಡಿಯಿರಿ. ಕೆಲವು ಬಟ್ಟಲುಗಳಿಗೆ ನಾನೂರು ವರ್ಷ ವಯಸ್ಸಾಗಿರುತ್ತದೆ. ಉಂಗುರ, ಬಳೆ, ವಾಚು ಮೊದಲೇ ತೆಗೆದಿಡಿ. ಮಾಂಗಲ್ಯದ ಸರ ಸೀರೆಯೊಳಗಿರಲಿ, ಬಗ್ಗಿದಾಗ ಬಟ್ಟಲಿಗೆ ತಗಲಬಾರದು.

ಎಂಜಲಿನ ಮಾತಿಗೆ ಬಣ್ಣ ಹಚ್ಚಲಾರೆ. ಗಟ್ಟಿ ಚಹಾ ಎಂಬುದೊಂದಿದೆ, ಗಂಜಿಯಷ್ಟು ಮಂದ. ಅದನ್ನು ಒಂದೇ ಬಟ್ಟಲಲ್ಲಿ ಎಲ್ಲರೂ ಸರದಿಯಂತೆ ಕುಡಿದು, ಅಂಚು ಒರೆಸಿ, ಮುಂದಿನವರಿಗೆ ಕೊಡುವುದು ಸಂಪ್ರದಾಯ. ನಮ್ಮ ಲೆಕ್ಕದಲ್ಲಿ ಅದು ಎಂಜಲೇ. ಒಬ್ಬರನ್ನೊಬ್ಬರು ಇರಿಯುವ ಕಾಲದಲ್ಲಿ, ಒಂದೇ ಬಟ್ಟಲಿಗೆ ಬಾಯಿಡುವಷ್ಟು ನಂಬಿಕೆ ಇದೆಯೆಂದು ತೋರಿಸುವುದರಲ್ಲೇ ಅದರ ಅರ್ಥವಿತ್ತು. ಆದರೆ ನಿಮಗೆ ಬಹುಶಃ ಕೊಡುವುದು ತೆಳು ಚಹಾ, ಅದು ಒಬ್ಬೊಬ್ಬರಿಗೂ ಬೇರೆ ಬಟ್ಟಲಲ್ಲೇ ಬರುತ್ತದೆ. ಗಟ್ಟಿ ಚಹಾವನ್ನೂ ಬೇರೆಬೇರೆ ಬಟ್ಟಲಲ್ಲಿ ಕೊಡುವ ಕ್ರಮವನ್ನು ಉರಾಸೆಂಕೆಯ 13ನೇ ಮುಖ್ಯಸ್ಥ ಎನ್ನೋಸಾಯ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ತಂದಿದ್ದ. ಕೋವಿಡ್ ಬಂದ ಮೇಲೆ ಅದು ಮತ್ತೆ ಚಾಲ್ತಿಗೆ ಬಂತು.

ಇರಿಯುವ ಕಾಲ ಎಂದೆನಲ್ಲ, ಅದನ್ನೂ ಸ್ವಲ್ಪ ಹೇಳಿಬಿಡುತ್ತೇನೆ, ಏಕೆಂದರೆ ಚಹಾವನ್ನು ಬರೀ ಶಾಂತಿಯ ಕಥೆ ಮಾಡುವವರು ಇದನ್ನು ಮುಚ್ಚಿಡುತ್ತಾರೆ. ಒಡಾ ನೊಬುನಾಗಾ ಎಂಬ ದಳಪತಿ ಯುದ್ಧ ಗೆದ್ದ ತನ್ನ ಸರದಾರರಿಗೆ ಜಮೀನಿನ ಬದಲು ಹೆಸರಾಂತ ಚಹಾಡಬ್ಬಿಗಳನ್ನು ಇನಾಮು ಕೊಡುತ್ತಿದ್ದ. ಅವನ ನಂತರ ಬಂದ ಹಿದೆಯೋಶಿ ಚಿನ್ನದ ತಗಡು ಹೊದಿಸಿದ, ಹೊತ್ತೊಯ್ಯಬಹುದಾದ ಚಹಾಕೋಣೆ ಕಟ್ಟಿಸಿಕೊಂಡ. ಇಬ್ಬರಿಗೂ ಚಹಾಗುರು ರಿಕ್ಯೂವೇ. ಅದೇ ರಿಕ್ಯೂ ಯಾಮಾಜಾಕಿಯಲ್ಲಿ ಕಟ್ಟಿಸಿದನೆಂದು ಹೇಳುವ ತಾಯ್‌ಆನ್ ಕೋಣೆ ಎರಡೇ ಚಾಪೆಯಷ್ಟು, ಸುಮಾರು ಆರಡಿಗೆ ಆರಡಿ, ಮಣ್ಣಿನ ಗೋಡೆಯದು. ಆ ಎರಡಡಿಯ ಕಿಂಡಿಯಲ್ಲಿ ಕತ್ತಿ ಸಿಕ್ಕಿಸಿಕೊಂಡು ನುಸುಳಲಾಗದು, ಹೊರಗಿನ ಗೂಟಕ್ಕೆ ತೂಗಿಹಾಕಿಯೇ ಬರಬೇಕು. ಒಳಗೆ ದಳಪತಿಯೂ ವ್ಯಾಪಾರಿಯೂ ಮಂಡಿಗೆ ಮಂಡಿ ತಾಗಿಸಿ ಕೂರಬೇಕು. ದಾಯ್ತೊಕುಜಿ ಮಠದ ಮಹಾದ್ವಾರದ ಮೇಲಂತಸ್ತಿನಲ್ಲಿ ರಿಕ್ಯೂವಿನ ಮರದ ಪ್ರತಿಮೆ ಇಟ್ಟರು, ಅದರ ಕಾಲಡಿಯಲ್ಲಿ ನಾನು ಹಾದುಹೋಗಬೇಕೇ ಎಂಬ ನೆಪ ತೆಗೆದು 1591ರಲ್ಲಿ ಹಿದೆಯೋಶಿ ಅವನಿಗೆ ಹೊಟ್ಟೆ ಬಗೆದುಕೊಂಡು ಸಾಯುವಂತೆ ಆಜ್ಞೆ ಮಾಡಿದ. ಕಾರಣ ಅದೊಂದೇ ಆಗಿರಲಾರದು. ಈಗಿನ ಮೂರು ಸೆನ್ ಮನೆತನಗಳು (ಉರಾಸೆಂಕೆ ಅವುಗಳಲ್ಲೊಂದು) ರಿಕ್ಯೂವಿನ ಮೊಮ್ಮಗ ಸೋತಾನ್‌ನ ಮಕ್ಕಳಿಂದ ಬಂದವು. ಅಲ್ಲೂ ಹಂತಹಂತದ ಪರವಾನಗಿ, ಅದಕ್ಕೆ ಕಾಣಿಕೆ, ದುಬಾರಿ ಕಿಮೋನೊ ಎಲ್ಲ ಇವೆ. ಕೆಲವು ಕೂಟಗಳು ‘ನನ್ನ ಬಟ್ಟಲು ನೋಡಿ’ ಎನ್ನುವ ಪ್ರದರ್ಶನವಾಗಿಬಿಟ್ಟಿವೆ. ಮಗಳ ಗುರುಗಳು ವರ್ಷವಿಡೀ ಬಟ್ಟೆ ಮಡಿಸುವುದನ್ನೇ ಕಲಿಸುತ್ತಿದ್ದಾರೆಂದರೆ ಆ ಜಾತಿಯವರಲ್ಲ ಎಂದುಕೊಳ್ಳುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಒಬ್ಬ ಮಂತ್ರಿಯ ಮಾತು ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿದೆ. ಅವನ ಹೆಸರು ನಾಓಸುಕೆ, ಮನೆತನದ ಹೆಸರು ‘ಈ’. 1860ರಲ್ಲಿ ಎದೋ (ಈಗಿನ ಟೋಕಿಯೊ) ಕೋಟೆಯ ಬಾಗಿಲಲ್ಲೇ ಕೊಲೆಯಾದ. ಅದೇ ಜನ ಅದೇ ಕೋಣೆಯಲ್ಲಿ ಎಷ್ಟು ಸಲ ಸೇರಿದರೂ ಇವತ್ತಿನ ಕೂಟ ಮತ್ತೆ ಬರುವುದಿಲ್ಲ, ಹಾಗೆಂದೇ ನಡೆದುಕೊಳ್ಳಬೇಕು ಎಂದು ಅವನು ಬರೆದ. ಅತಿಥಿಗಳು ಹೊರಟೊಡನೆ ಬಾಗಿಲು ಹಾಕಿ ಪಾತ್ರೆ ಎತ್ತಿಡಬೇಡ, ಅವರು ಮರೆಯಾಗುವವರೆಗೆ ನೋಡು, ಆಮೇಲೆ ಒಳಗೆ ಬಂದು ಒಲೆಯ ಮುಂದೆ ಒಬ್ಬನೇ ಕೂತು ಅವರೀಗ ಎಲ್ಲಿಯವರೆಗೆ ಹೋಗಿರಬಹುದೆಂದು ನೆನೆ, ನಿನಗೊಂದು ಬಟ್ಟಲು ಚಹಾ ಮಾಡಿಕೊ ಎಂಬುದು ಅವನ ಸೂಚನೆ. ಅಧ್ಯಾತ್ಮ ಬೇಕೆಂದರೆ ಇಲ್ಲಿದೆ. ಅದಕ್ಕೆ ಸಾಕ್ಷಿಯಾಗಲು ಅತಿಥಿಗೆ ಅವಕಾಶವಿಲ್ಲ, ನೀವು ಹೊರಟ ಮೇಲೆ ನಡೆಯುವುದು ಅದು.

ಊಟದ ವಿಷಯ. ಪೂರ್ಣ ಕೂಟವಾದರೆ ಸುಮಾರು ನಾಲ್ಕು ಗಂಟೆ: ಊಟ, ಇದ್ದಿಲು ಹಾಕುವುದು, ಸಿಹಿ, ಗಟ್ಟಿ ಚಹಾ, ತೆಳು ಚಹಾ. ಊಟವಿದ್ದರೆ ಎಚ್ಚರ, ಸಾರಿನ ಬುಡದಲ್ಲೇ ಒಣಮೀನಿನ ಕಷಾಯವಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ‘ಮೀನು ತಿನ್ನುವುದಿಲ್ಲ’ ಎಂದರೆ ತುಂಡು ಬಿಟ್ಟು ಸಾರು ಬಡಿಸಿಬಿಡಬಹುದು. ಮಠದ ಅಡುಗೆ, ಅಂದರೆ ಶೋಜಿನ್, ಬೇಕೆಂದು ಮಗಳಿಂದ ಹೇಳಿಸಿ. ಅದರಲ್ಲಿ ಕಡಲಪಾಚಿ, ಅಣಬೆಯ ಸಾರೇ ಇರುತ್ತದೆ. ಬರೀ ಸಿಹಿ ಮತ್ತು ತೆಳು ಚಹಾಕ್ಕೆ ಕರೆದಿದ್ದರೆ ಚಿಂತೆ ಕಡಿಮೆ. ಸಿಹಿ ಹೆಚ್ಚಾಗಿ ಅವರೆಯಂಥ ಕಾಳಿನ ಹೂರಣ, ಸಕ್ಕರೆ, ಅಕ್ಕಿಹಿಟ್ಟಿನದು. ಆದರೂ ಒಂದು ಮಾತು ಕೇಳಿಕೊಳ್ಳಿ. ಅದನ್ನು ಚಹಾ ಬರುವ ಮುಂಚೆಯೇ ತಿಂದು ಮುಗಿಸಬೇಕು, ಟೀಗೆ ನೆಂಚಿಕೊಳ್ಳಬಾರದು. ಚಹಾಕ್ಕೆ ಹಾಲಿಲ್ಲ, ಸಕ್ಕರೆಯಿಲ್ಲ, ಬೇವಿನಷ್ಟಲ್ಲದಿದ್ದರೂ ಕಹಿಯೇ. ಬಾಯಲ್ಲಿ ಉಳಿದ ಸಿಹಿಯೇ ಅದನ್ನು ಸರಿದೂಗಿಸುವುದು.

ಸೆಂಟು ಹಾಕಿಕೊಂಡು ಹೋಗಬೇಡಿ, ಧೂಪದ ವಾಸನೆ ಕೆಡುತ್ತದೆ. ತೊಳೆದ ಬಿಳಿ ಕಾಲುಚೀಲ ಜೊತೆಗಿಟ್ಟುಕೊಂಡು ಅಲ್ಲೇ ಬದಲಾಯಿಸಿಕೊಳ್ಳಿ. ಮಗಳು ಕೈಗೊಂದು ಪುಟ್ಟ ಬೀಸಣಿಗೆ ಕೊಟ್ಟಾಳು. ಅದನ್ನು ಬಿಚ್ಚಿ ಗಾಳಿ ಹಾಕಿಕೊಳ್ಳಬೇಡಿ, ನಮಸ್ಕರಿಸುವಾಗ ಮಡಚಿದಂತೆಯೇ ಮಂಡಿಯ ಮುಂದೆ ಇಡುವುದಕ್ಕೆ ಅದು. ಫೋಟೊ ತೆಗೆಯುವ ಮುಂಚೆ ಕೇಳಿ. ಉಡುಗೊರೆಯಾಗಿ ಮೈಸೂರು ಪಾಕ್ ಒಯ್ಯಬಹುದು, ಆದರೆ ಒಳಗಲ್ಲ, ಬಾಗಿಲಲ್ಲೇ ಎರಡೂ ಕೈಯಿಂದ ಕೊಡಿ. ಒಳಗಿನ ಸಿಹಿಯನ್ನು ಅವರು ಆ ದಿನಕ್ಕೆಂದೇ ಆರಿಸಿರುತ್ತಾರೆ. ಮರುದಿನ ಧನ್ಯವಾದದ ಕಾಗದ ಬರೆಯುವುದು ಅಲ್ಲಿ ರೂಢಿ. ನೀವು ಕನ್ನಡದಲ್ಲೇ ಬರೆಯಿರಿ, ಕೆಳಗೆ ಮಗಳು ಜಪಾನಿಯಲ್ಲಿ ಅರ್ಥ ಬರೆದುಕೊಡಲಿ.